ದಕ್ಷಿಣ ಸುಡಾನ್‌ನಿಂದ ಮೂಡಿಗೆರೆಗೆ: ಮನೆ ಸೇರಿದ ಮೇಲೂ ನಿದ್ದೆ ಯಾಕಿಲ್ಲ?

ಓದುಗರ ಪ್ರಶ್ನೆ

ಡಾಕ್ಟ್ರೇ, ನಾನು ಮೂಡಿಗೆರೆ ತಾಲ್ಲೂಕಿನವಳು. 39 ವರ್ಷ, ಮದುವೆ ಆಗಿಲ್ಲ. ನರ್ಸ್ ಕೆಲಸ. 2018ರಲ್ಲಿ ಒಂದು ವಿದೇಶಿ ನೆರವು ಸಂಸ್ಥೆಯ ಮೂಲಕ ದಕ್ಷಿಣ ಸುಡಾನ್‌ಗೆ ಹೋದೆ. ಮೊದಲು ಮನೆಮಠ ಬಿಟ್ಟು ಬಂದವರ ಬೆಂಟಿಯು ಶಿಬಿರದಲ್ಲಿದ್ದೆ, ಕೊನೆಯ ಎರಡು ವರ್ಷ ಗಡಿಯ ರೆಂಕ್ ಪಟ್ಟಣದಲ್ಲಿ. ಅಪೌಷ್ಟಿಕ ಮಕ್ಕಳ ಕೇಂದ್ರ ನನ್ನ ಜವಾಬ್ದಾರಿ. 2025ರಲ್ಲಿ ಹಣ ನಿಂತುಹೋಗಿ ಕೇಂದ್ರ ಮುಚ್ಚಿತು, ನನ್ನ ಕೆಲಸವೂ ಮುಗಿಯಿತು. ಊರಿಗೆ ಬಂದು ಮೂರು ತಿಂಗಳಾಗುತ್ತಾ ಬಂತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ತೋಟಕ್ಕೆ ಆನೆ ಬಂದು ಯಾರಾದರೂ ಪಟಾಕಿ ಹೊಡೆದರೆ ನಾನು ಮಂಚದ ಪಕ್ಕ ನೆಲದಲ್ಲಿರುತ್ತೇನೆ. ಚಿಕ್ಕಮಗಳೂರಲ್ಲಿ ಒಂದು ಮದುವೆಗೆ ಹೋಗಿದ್ದಾಗ ಎಲೆಯಲ್ಲಿ ಹೋಳಿಗೆ ಹಾಗೇ ಬಿಟ್ಟು ಎದ್ದವರನ್ನು ನೋಡಿ, ಸುಮ್ನೆ ಕೂತಿದ್ದ ಅತ್ತಿಗೆ ಮೇಲೆ ಎಲ್ಲರೆದುರು ಕೂಗಾಡಿಬಿಟ್ಟೆ. ಅಣ್ಣನ ಮಗುವನ್ನು ಎತ್ತಿಕೊಂಡರೆ ಕೈ ತಾನಾಗಿ ಅದರ ತೋಳು ಅಳೆಯುತ್ತದೆ. ಎರಡು ಸಲ ಚಳಿಜ್ವರವೂ ಬಂದು ಹೋಯಿತು. ಅಮ್ಮ ದೃಷ್ಟಿ ಆಗಿದೆ ಅಂತಾರೆ, ಮದುವೆಯಾದರೆ ಸರಿಹೋಗುತ್ತೆ ಅಂತಾರೆ. ಅಣ್ಣ ತೋಟದ ಲೆಕ್ಕ ನೋಡಿಕೋ ಅಂತಾನೆ. ಈಗ ಅದೇ ಸಂಸ್ಥೆ ಬೇರೆ ದೇಶಕ್ಕೆ ಕರೆದಿದೆ, ಈ ತಿಂಗಳೊಳಗೆ ಉತ್ತರ ಕೊಡಬೇಕು. ಅಲ್ಲಿ ಚೆನ್ನಾಗೇ ಇದ್ದೆ. ಇಲ್ಲಿಗೆ ಬಂದು ಹೀಗಾದೆ. ನನಗೆ ಮಾನಸಿಕ ಕಾಯಿಲೆ ಬಂದಿದೆಯಾ? ವಾಪಸ್ ಹೋದರೆ ಸರಿಹೋಗುತ್ತಾ?

ಉತ್ತರ: ಹಾಸನದ ಒಬ್ಬ ಮನೋವೈದ್ಯರು

ಸಿಸ್ಟರ್, ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಲ್ಲಿ ಹೇಳಿ ಮುಗಿಸಿದ ವಿಷಯದಿಂದ ಶುರು ಮಾಡುತ್ತೇನೆ. ಆ ಚಳಿಜ್ವರ. ಈ ಉತ್ತರದ ಉಳಿದ ಭಾಗ ಓದುವುದು ಆಮೇಲೆ ಆದರೂ ಪರವಾಗಿಲ್ಲ, ಇವತ್ತೇ ಹೋಗಿ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.

ನಮ್ಮ ಕಡೆ ಜ್ವರ ಅಂತ ಹೋದರೆ ಡಾಕ್ಟರ್ ತಲೆಗೆ ಮೊದಲು ಬರುವುದು ಡೆಂಗಿ, ಇಲಿ ಜ್ವರ, ಬೇಸಿಗೆಯಲ್ಲಿ ಮಂಗನ ಕಾಯಿಲೆ. ನೀವು ಎಲ್ಲಿಂದ ಬಂದಿರಿ ಅಂತ ಹೇಳದಿದ್ದರೆ ಅವರಿಗೆ ಹೊಳೆಯುವುದೂ ಇಲ್ಲ. ದಕ್ಷಿಣ ಸುಡಾನ್‌ನಲ್ಲಿ ಜಾಸ್ತಿ ಇರುವುದು ಫಾಲ್ಸಿಪಾರಂ ಮಲೇರಿಯಾ, ಜೀವಕ್ಕೆ ಅಪಾಯ ಮಾಡುವ ಜಾತಿ. ಸಾಮಾನ್ಯವಾಗಿ ಊರಿಗೆ ಬಂದ ಮೂರು ತಿಂಗಳೊಳಗೆ ಅದು ತಲೆ ಎತ್ತುತ್ತದೆ. ವೈವಾಕ್ಸ್, ಓವಲೆ ಜಾತಿಗಳು ಪಿತ್ತಜನಕಾಂಗದಲ್ಲಿ ಅಡಗಿದ್ದು ತಿಂಗಳುಗಟ್ಟಲೆ ಆದ ಮೇಲೂ ಬರಬಹುದು. ಒಂದು ಸಲ ನೆಗೆಟಿವ್ ಬಂತು ಅಂತ ಬಿಡಬೇಡಿ, ಜ್ವರ ಇದ್ದಾಗ ಒಂದೆರಡು ದಿನದ ಅಂತರದಲ್ಲಿ ಮತ್ತೆ ಮಾಡಿಸಿ. ನೈಲ್ ನದಿಯ ನೀರಲ್ಲಿ, ಬೆಂಟಿಯುವಿನ ಪ್ರವಾಹದ ನೀರಲ್ಲಿ ಕಾಲಿಟ್ಟು ನಡೆದವರು ನೀವು. ಆದ್ದರಿಂದ ಸಿಸ್ಟೊಸೋಮಿಯಾಸಿಸ್ ಪರೀಕ್ಷೆಯನ್ನೂ ಕೇಳಿ. ಆ ಹುಳು ಚರ್ಮದ ಮೂಲಕ ಒಳಹೊಕ್ಕು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಮಾತ್ರೆಯಿಂದ ಹೋಗುತ್ತದೆ. ಇಲ್ಲಿನ ವೈದ್ಯರು ದಿನಾ ನೋಡುವ ಕಾಯಿಲೆ ಅಲ್ಲ, ಹಾಗಾಗಿ ಹೆಸರು ನೀವೇ ಹೇಳಬೇಕು.

ಮನೋವೈದ್ಯ ಆಗಿ ಇದನ್ನು ಮೊದಲು ಹೇಳಲು ಇನ್ನೊಂದು ಕಾರಣ ಇದೆ. ಅಲ್ಲಿ ಮಲೇರಿಯಾ ತಡೆಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ? ಮೆಫ್ಲೋಕ್ವಿನ್ ಆಗಿದ್ದರೆ, ಕೆಟ್ಟ ಕನಸು, ಆತಂಕ, ನಿದ್ದೆಗೆಡುವುದು ಅದರಿಂದಲೂ ಆಗುತ್ತದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಮಾತ್ರೆಗೆ ಅತಿ ಗಂಭೀರ ಎಚ್ಚರಿಕೆಯನ್ನೇ ಹಾಕಿಸಿತು. ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೂ ತೊಂದರೆ ಉಳಿಯುತ್ತದೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಕೂಡ ನೋಡಿಸಿ. ಮೈ ಸರಿಯಿಲ್ಲದಿರುವುದನ್ನು ಮನಸ್ಸಿನ ತಲೆಗೆ ಕಟ್ಟಿ ತಿಂಗಳುಗಟ್ಟಲೆ ಕಳೆದವರನ್ನು ನಾನು ಕಂಡಿದ್ದೇನೆ.

ಇನ್ನು ನಿಮ್ಮ ನಿಜವಾದ ಚಿಂತೆಗೆ ಬರೋಣ. "ಅಲ್ಲಿ ಚೆನ್ನಾಗೇ ಇದ್ದೆ, ಇಲ್ಲಿಗೆ ಬಂದು ಹೀಗಾದೆ" ಅಂತ ಬರೆದಿದ್ದೀರಿ. ಸೈನ್ಯದಿಂದ ನಿವೃತ್ತರಾಗಿ ಬಂದವರು, ಹೊರದೇಶದ ಆಸ್ಪತ್ರೆಗಳಲ್ಲಿ ದುಡಿದು ಬಂದವರು ನನ್ನೆದುರು ಕೂತು ಇದೇ ಮಾತು ಹೇಳುತ್ತಾರೆ. ಆಮೇಲೆ ಎಲ್ಲರೂ ಬರುವುದು ಒಂದೇ ತೀರ್ಮಾನಕ್ಕೆ: ತೊಂದರೆ ಇರುವುದು ಊರಲ್ಲಿ, ವಾಪಸ್ ಹೋದರೆ ಸರಿ. ನೋಡಲು ಹಾಗೇ ಕಾಣುತ್ತದೆ, ನಿಜ. ಆದರೆ ನೀವು ಅಲ್ಲಿ ಚೆನ್ನಾಗಿದ್ದಿರೋ, ಅಥವಾ ಚೆನ್ನಾಗಿಲ್ಲ ಅಂತ ಗಮನಿಸಲು ಪುರುಸೊತ್ತೇ ಇರಲಿಲ್ಲವೋ?

ಏಳು ವರ್ಷ ನಿಮ್ಮ ದಿನ ಹೇಗಿತ್ತು ನೆನಪಿಸಿಕೊಳ್ಳಿ. ಕತ್ತಲಾಗುವ ಮೊದಲು ಕಾಂಪೌಂಡ್ ಒಳಗಿರಬೇಕು. ಸಂಜೆ ರೇಡಿಯೋದಲ್ಲಿ ನಿಮ್ಮ ಹೆಸರು ಕರೆದಾಗ ಇದ್ದೇನೆ ಅನ್ನಬೇಕು. ಓಡಬೇಕಾದರೆ ಬೇಕು ಅಂತ ಒಂದು ಬ್ಯಾಗು ಬಾಗಿಲ ಹತ್ತಿರ. 2021ರ ನೆರೆ ಬಂದ ಮೇಲೆ ಬೆಂಟಿಯು ಶಿಬಿರ ಮಣ್ಣಿನ ಏರಿಯ ಒಳಗೆ ಉಳಿದುಕೊಂಡ ನಡುಗಡ್ಡೆ ಆಯಿತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಹೊತ್ತಿಕೊಂಡು ಜನ ಗಡಿ ದಾಟಿ ರೆಂಕ್‌ಗೆ ಬಂದು ತುಂಬಿದರು. 2024ರಲ್ಲಿ ಅಲ್ಲೇ ಕಾಲರಾ. ಇಂಥ ಕಡೆ ಮೆದುಳು ಒಂದು ಕೆಲಸ ಕಲಿಯುತ್ತದೆ: ಯಾವ ಸದ್ದು ಎಷ್ಟು ದೂರದ್ದು ಅಂತ ನಿದ್ದೆಯಲ್ಲೂ ಲೆಕ್ಕ ಹಾಕುವುದು. ಅಲ್ಲಿ ಅದು ಕಾಯಿಲೆ ಆಗಿರಲಿಲ್ಲ, ನಿಮ್ಮನ್ನು ಬದುಕಿಸಿದ್ದೇ ಅದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸ್ವಿಚ್ ಆಫ್ ಮಾಡಿದ ಮೇಲೂ ಚಕ್ರ ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದಲ್ವಾ, ಮೆದುಳೂ ಹಾಗೆ. ವಿಮಾನ ಇಳಿದ ದಿನ ಅದು ನಿಲ್ಲುವುದಿಲ್ಲ.

ಬಹಳ ಜನರಲ್ಲಿ ಇದು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಬೆಚ್ಚಿಬೀಳುವುದು, ಕೆಟ್ಟ ಕನಸು, ಹಳೆಯದು ಕಣ್ಣೆದುರು ಬಂದು ನಿಲ್ಲುವುದು, ಕೆಲವು ಜಾಗ ಕೆಲವು ಮಾತು ತಪ್ಪಿಸಿಕೊಂಡು ಓಡಾಡುವುದು, ಸಿಡುಕು, ಇವೆಲ್ಲ ಒಂದು ತಿಂಗಳಿಗಿಂತ ಜಾಸ್ತಿ ಉಳಿದು ದಿನದ ಬದುಕನ್ನೇ ಕೆಡಿಸಿದರೆ ಅದಕ್ಕೆ ಪಿಟಿಎಸ್‌ಡಿ ಅನ್ನುತ್ತೇವೆ. ನಿಮಗೆ ಮೂರು ತಿಂಗಳಾಗುತ್ತಾ ಬಂತು. ಪತ್ರ ಓದಿ ಕಾಯಿಲೆ ಇದೆ ಅಂತ ಹೇಳುವುದು ತಪ್ಪು, ಎದುರು ಕೂರಿಸಿ ಮಾತಾಡಿಸಿ ಹೇಳಬೇಕು. ಆದರೆ ಇನ್ನಷ್ಟು ದಿನ ಕಾದು ನೋಡಿ ಅಂತ ನಾನು ಹೇಳುವುದಿಲ್ಲ. ತೋರಿಸಿಕೊಳ್ಳುವ ಸಮಯ ಬಂದಿದೆ. ಮತ್ತೆ, ಇದು ಬರೀ ಸೈನಿಕರಿಗೆ ಬರುವ ಕಾಯಿಲೆ ಅನ್ನುವುದು ಸುಳ್ಳು. ನರ್ಸ್‌ಗಳಿಗೆ, ಆಂಬುಲೆನ್ಸ್ ಚಾಲಕರಿಗೆ, ಅಪಘಾತ ಕಂಡವರಿಗೆ, ಯಾರಿಗಾದರೂ ಬರಬಹುದು.

ಆನೆ ಪಟಾಕಿ ವಿಷಯ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಅದನ್ನು ನಿಲ್ಲಿಸಿ ಅನ್ನುವ ಹಾಗಿಲ್ಲ. ಜೀವದ ಪ್ರಶ್ನೆ. ಆದರೆ ಹೇಳದೆ ಕೇಳದೆ ಬರುವ ಸದ್ದಿಗೂ ಮೊದಲೇ ಗೊತ್ತಿರುವ ಸದ್ದಿಗೂ ಮೈ ಬೇರೆ ಬೇರೆ ಥರ ವರ್ತಿಸುತ್ತದೆ. ಆನೆ ಎಲ್ಲಿದೆ ಅಂತ ತಿಳಿಸುವ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಸೇರಿಕೊಳ್ಳಿ. ತೋಟದ ರೈಟರ್‌ಗೆ, ಕಾವಲಿಗೆ ಹೋಗುವ ಹುಡುಗರಿಗೆ ಒಂದು ಮಾತು ಹೇಳಿಡಿ: ಹೊಡೆಯುವ ಮೊದಲು ಮನೆಗೊಂದು ಮಿಸ್ಡ್ ಕಾಲ್ ಕೊಡಿ ಅಂತ. ಕಾರಣ ಹೇಳಲೇಬೇಕು ಅಂತೇನೂ ಇಲ್ಲ. ಸದ್ದಾದಾಗ ಪಾದ ಎರಡೂ ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಬಾಯಿ ಬಿಟ್ಟು ಹೇಳಿ. ಮೆದುಳಿಗೆ ನೀವು ಈಗ ಎಲ್ಲಿದ್ದೀರಿ ಅಂತ ನೆನಪಿಸುವ ದಾರಿ ಅದು. ನಾಚಿಕೆ ಬೇಡ.

ಈಗ ಮಗುವಿನ ತೋಳಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ ಸಾಲು ಅದು.

ಬೇರೆ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಹಸಿದ ಮಕ್ಕಳನ್ನು ಗುರುತಿಸಲು ಮಗುವಿನ ಎಡ ತೋಳಿನ ನಡುಭಾಗಕ್ಕೆ ಸುತ್ತುವ ಒಂದು ಪಟ್ಟಿ ಇದೆ, ಬಣ್ಣ ಹಚ್ಚಿದ್ದು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. 11.5ರಿಂದ 12.5ರವರೆಗೆ ಹಳದಿ. ಮೇಲೆ ಹಸಿರು. ಕೆಂಪು ಬಂದ ಮಗುವಿಗೆ ಕಡಲೆಕಾಯಿ ಪೇಸ್ಟಿನ ಪೊಟ್ಟಣ, ವಾರ ವಾರ ತಪಾಸಣೆ. ಕೈಯಲ್ಲಿ ಹಣ ಕಡಿಮೆ ಆದಾಗ ಮೊದಲು ಕತ್ತರಿ ಬೀಳುವುದು ಸಾಮಾನ್ಯವಾಗಿ ಹಳದಿ ಮಕ್ಕಳ ಆಹಾರಕ್ಕೆ. ಆಗ ಪಟ್ಟಿ ಹಿಡಿದ ನರ್ಸ್‌ ಏನು ಮಾಡಬೇಕು? 11.7 ಬಂದ ಮಗುವಿನ ತಾಯಿಗೆ ಈಗ ಕೊಡಲು ಏನೂ ಇಲ್ಲ ಅನ್ನಬೇಕು. ಅಂದರೆ, ಇನ್ನಷ್ಟು ಸೊರಗಿದ ಮೇಲೆ ಕರೆದುಕೊಂಡು ಬಾ ಅಂತ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದ ಮೇಲೆ ಲೋಕದ ಎಷ್ಟೋ ಕಡೆ ಕೇಂದ್ರಗಳೇ ಬಾಗಿಲು ಹಾಕಿದವು. ಬೀಗ ಹಾಕುವ ಕೆಲಸ ಯಾರದೋ ಕಚೇರಿಯಲ್ಲಿ ಕೂತವರದಾಗಿರಲಿಲ್ಲ. ಅಲ್ಲಿದ್ದ ನಿಮ್ಮಂಥವರದು.

ನೀವು ಬರೆದಿಲ್ಲ, ಆದರೆ ಅಂಥ ಒಂದು ಮಗು, ಒಬ್ಬ ತಾಯಿ ನಿಮ್ಮ ಮನಸ್ಸಲ್ಲಿ ಇದ್ದಾರೆ ಅಂತ ನನಗನ್ನಿಸುತ್ತದೆ. ಇದು ಭಯದ ಗಾಯಕ್ಕಿಂತ ಬೇರೆ. ಇಲ್ಲಿ ನೋಯುತ್ತಿರುವುದು ಆತ್ಮಸಾಕ್ಷಿ. ವಿಯೆಟ್ನಾಂ ಯುದ್ಧದಿಂದ ಬಂದವರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ ಇದನ್ನು ಪಿಟಿಎಸ್‌ಡಿಯಿಂದ ಬಿಡಿಸಿ ನೋಡಿದರು. ಸರಿ ಅಂತ ನಂಬಿದ್ದನ್ನು ಮಾಡಲಾಗದ ಹಾಗೆ ಕೈ ಕಟ್ಟಿಸಿಕೊಂಡವರಲ್ಲಿ ಉಳಿಯುವ ನೋವು ಇದು. ಕೋವಿಡ್ ಸಮಯದಲ್ಲಿ ಆಮ್ಲಜನಕದ ಹಾಸಿಗೆ ಯಾರಿಗೆ ಅಂತ ತೀರ್ಮಾನ ಮಾಡಬೇಕಾಗಿ ಬಂದ ನಮ್ಮವರೇ ವೈದ್ಯರು, ನರ್ಸ್‌ಗಳು ಇದನ್ನು ಹೊತ್ತುಕೊಂಡು ಓಡಾಡಿದ್ದಾರೆ. ಮದುವೆ ಮನೆಯ ಹೋಳಿಗೆ ನೋಡಿ ನೀವು ಸಿಟ್ಟಾದದ್ದು ಅತ್ತಿಗೆ ಮೇಲಲ್ಲ ಅಂತ ನಿಮಗೂ ಗೊತ್ತಿದೆ.

ಈ ನೋವಿಗೆ ಮಾತ್ರೆ ಇಲ್ಲ. ನಿದ್ದೆಗೆ ಇದೆ, ಖಿನ್ನತೆಗೆ ಇದೆ, ಇದಕ್ಕಿಲ್ಲ. "ನಿನ್ನ ತಪ್ಪೇನೂ ಇಲ್ಲ ಬಿಡು" ಅನ್ನುವ ಸಮಾಧಾನವೂ ಕೆಲಸ ಮಾಡುವುದಿಲ್ಲ. ಅದನ್ನು ಕೇಳಿದರೆ ನಿಮಗೆ ಇವರಿಗೆ ಅರ್ಥವೇ ಆಗಿಲ್ಲ ಅನ್ನಿಸುತ್ತದೆ. ನಾನು ರೋಗಿಗಳಿಗೆ ಹೇಳುವುದು ನಿಧಾನದ ಕೆಲಸ. ಆ ಒಂದು ದಿನವನ್ನು ಕಾಗದದ ಮೇಲೆ ಬರೆಯಿರಿ, ಕನ್ನಡದಲ್ಲೇ. ಆ ಹೊತ್ತಿಗೆ ನಿಮಗೆ ಏನು ಗೊತ್ತಿತ್ತು, ಗೋದಾಮಿನಲ್ಲಿ ಏನಿತ್ತು, ಯಾರ ಆದೇಶ ಇತ್ತು, ನಿಮ್ಮ ಕೈಲಿದ್ದದ್ದು ಎಷ್ಟು, ಇಲ್ಲದ್ದು ಎಷ್ಟು. ಆಮೇಲೆ, ನಿಮ್ಮ ಕೈಕೆಳಗಿನ ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಇದೇ ಕೆಲಸ ಮಾಡಿ ಅಳುತ್ತಾ ಬಂದಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ ಅಂತ ಬರೆಯಿರಿ. ಬರೆದದ್ದನ್ನು ಕೌನ್ಸೆಲರ್ ಜೊತೆ ಕೂತು ಓದಿ. ಜವಾಬ್ದಾರಿಯಲ್ಲಿ ನಿಮ್ಮ ಪಾಲು ಸೊನ್ನೆ ಅಂತ ಯಾರೂ ಒಪ್ಪಿಸಬೇಕಿಲ್ಲ. ಆದರೆ ದೂರದ ರಾಜಧಾನಿಗಳಲ್ಲಿ ಆದ ತೀರ್ಮಾನದ ಪೂರ್ತಿ ಭಾರ ನಿಮ್ಮೊಬ್ಬರ ಹೆಗಲ ಮೇಲಿದೆ ಅನ್ನುವುದೂ ನಿಜವಲ್ಲ. ಇದನ್ನು ಒಬ್ಬರೇ ಮನೆಯಲ್ಲಿ ರಾತ್ರಿ ಕೂತು ಬರೆಯಬೇಡಿ. ಹಗಲು ಹೊತ್ತು ಬರೆಯಿರಿ, ಆ ದಿನ ಸಂಜೆ ಜೊತೆಗೊಬ್ಬರು ಇರುವ ಹಾಗೆ ನೋಡಿಕೊಳ್ಳಿ.

ಅಲ್ಲೇ ಉಳಿದ ನಿಮ್ಮ ಸಹೋದ್ಯೋಗಿಗಳು, ಆ ದೇಶದವರೇ, ಅವರನ್ನು ಬಿಟ್ಟು ಬಂದೆ ಅನ್ನುವುದೂ ಇದರೊಳಗೆ ಇರುತ್ತದೆ. ಸಂಪರ್ಕ ಕಡಿದುಕೊಳ್ಳಬೇಡಿ. ಹಾಗಂತ ರಾತ್ರಿಯೆಲ್ಲ ಗುಂಪಿನ ಮೆಸೇಜು ನೋಡುತ್ತಾ ಕೂರುವುದೂ ಬೇಡ. ವಾರಕ್ಕೊಂದು ದಿನ, ಹಗಲಲ್ಲಿ, ಒಬ್ಬರಿಗೆ ಫೋನ್ ಮಾಡಿ ಮನಸಾರೆ ಮಾತಾಡಿ.

ಮನೆಯವರ ಮಾತಿಗೆ ಬರುತ್ತೇನೆ. ಅಮ್ಮ ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಸಿಕೊಳ್ಳಿ. ಧರ್ಮಸ್ಥಳಕ್ಕೋ ಹೊರನಾಡಿಗೋ ಹೋಗೋಣ ಅಂದರೆ ಹೋಗಿ ಬನ್ನಿ. ಅದರಿಂದ ನಷ್ಟ ಇಲ್ಲ, ಅಮ್ಮನಿಗೆ ತಾನೂ ಏನೋ ಮಾಡಿದೆ ಅನ್ನುವ ನೆಮ್ಮದಿ. ಡಾಕ್ಟರ್ ಬದಲಿಗೆ ಅದು ಆಗಬಾರದು, ಅಷ್ಟೇ. ಮದುವೆ ಮಾತ್ರ ಬೇರೆ ವಿಷಯ. ನಿಮಗೆ ಇಷ್ಟ ಇದ್ದರೆ ಆಗಿ, ಆದರೆ ಚಿಕಿತ್ಸೆ ಅಂತ ಆಗಬೇಡಿ. ನಿದ್ದೆ ಇಲ್ಲದೆ, ಸದ್ದಿಗೆ ಬೆಚ್ಚುತ್ತಾ ಹೊಸ ಮನೆ ಸೇರಿದರೆ ನಿಮಗೂ ಕಷ್ಟ, ಏನೂ ತಿಳಿಯದ ಆ ಮನುಷ್ಯನಿಗೂ ಕಷ್ಟ. ಅಮ್ಮನಿಗೆ "ಆರು ತಿಂಗಳು ಆ ಮಾತು ಬೇಡಮ್ಮ, ಆಮೇಲೆ ನಾನೇ ಹೇಳ್ತೀನಿ" ಅಂದರೆ ಸಾಕು. ಅತ್ತಿಗೆ ಹತ್ತಿರ ಒಂದು ಮಾತು ಆಡಿ. ಕ್ಷಮೆ ಕೇಳುವಾಗ ಅಲ್ಲಿ ಏನು ನೋಡಿದಿರಿ ಅಂತ ಸ್ವಲ್ಪ ಹೇಳಿದರೆ ಮನೆಯಲ್ಲಿ ನಿಮ್ಮ ಕಡೆಯವರು ಒಬ್ಬರು ಸಿಗುತ್ತಾರೆ.

ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಲ್ಲಿ ಎಷ್ಟು ದುಡ್ಡು ಮಾಡಿದೆ, ಸಿಂಹ ನೋಡಿದ್ಯಾ ಅಂತ ಕೇಳುವವರು ಇರುತ್ತಾರೆ. ಅವರಿಗೆ ಕೊಡಲು ಎರಡು ಸಾಲಿನ ಉತ್ತರ ಸಿದ್ಧ ಇಟ್ಟುಕೊಳ್ಳಿ. ಪೂರ್ತಿ ಕಥೆ ಒಬ್ಬರೋ ಇಬ್ಬರೋ ನಂಬಿಕಸ್ಥರಿಗೆ ಮಾತ್ರ. ಎಲ್ಲವನ್ನೂ ಒಂದೇ ಸಲ ಹೊರಗೆ ಹಾಕಿಬಿಟ್ಟರೆ ಹಗುರ ಆಗುತ್ತದೆ ಅನ್ನುವವರಿದ್ದಾರೆ. ಘಟನೆ ಆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಪದ್ಧತಿ ಮೊದಲು ನೆರವು ಸಂಸ್ಥೆಗಳಲ್ಲೂ ಇತ್ತು. ಅದು ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ ಅಂತ ಅಧ್ಯಯನಗಳು ತೋರಿಸಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅನ್ನುತ್ತದೆ. ನಿಮ್ಮ ವೇಗದಲ್ಲಿ ಹೇಳಿ. ಹೇಳುವುದು ಬೇಡ ಅನ್ನಿಸಿದರೆ ಆ ದಿನಕ್ಕೆ ನಿಲ್ಲಿಸಿ.

ಚಿಕಿತ್ಸೆ ಏನಿದೆ? ಆಘಾತಕ್ಕೆ ಅಂತಲೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ, ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳುವುದು) ಮತ್ತು ಇಎಂಡಿಆರ್ (ಕಣ್ಣು ಆಚೀಚೆ ಆಡಿಸುತ್ತಾ ಹಳೆಯ ನೆನಪನ್ನು ಎದುರಿಸುವುದು) ಅಂತ. ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 12 ಭೇಟಿ. ಮೊದಲ ಕೆಲವು ಭೇಟಿಗಳ ನಂತರ ಕನಸು, ಅಳು ಜಾಸ್ತಿ ಆಗಬಹುದು. ಅಲ್ಲಿಗೇ ಬಿಟ್ಟು ಹೋಗುವವರು ಬಹಳ. ಮೊದಲೇ ಗೊತ್ತಿದ್ದರೆ ತಾಳಿಕೊಳ್ಳಬಹುದು ಅಂತ ಹೇಳುತ್ತಿದ್ದೇನೆ. ಸರ್ಟ್ರಾಲಿನ್ ಥರದ ಮಾತ್ರೆಗಳೂ ಇವೆ. ಗುಣ ಕಾಣಲು ಕೆಲವು ವಾರ ಬೇಕು, ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ಚಟ ಹಿಡಿಸುವುದಿಲ್ಲ. ಆದರೆ ಹೇಳದೆ ಒಮ್ಮೆಗೇ ನಿಲ್ಲಿಸಬಾರದು. ಚಟ ಹಿಡಿಸುವುದು ಆಲ್‌ಪ್ರಜೋಲಮ್‌ನಂಥ ನಿದ್ದೆ ಮಾತ್ರೆ. ನರ್ಸ್ ಆಗಿರುವ ನಿಮಗೆ ಅದು ಸುಲಭವಾಗಿ ಸಿಗಬಹುದು, ದಯವಿಟ್ಟು ಮುಟ್ಟಬೇಡಿ. ಪಿಟಿಎಸ್‌ಡಿಗೆ ಅದು ಉಪಯೋಗವೂ ಇಲ್ಲ. ಮದ್ಯವೂ ಅಷ್ಟೇ, ನಿದ್ದೆ ಬಂದ ಹಾಗೆ ಮಾಡಿ ಎರಡು ಗಂಟೆಗೆ ಎಬ್ಬಿಸುತ್ತದೆ. ಮಲೆನಾಡಿನ ಮನೆಯಲ್ಲಿ ಕಷ್ಟ ಅಂತ ಗೊತ್ತು, ಆದರೂ ಮಧ್ಯಾಹ್ನದ ಮೇಲೆ ಕಾಫಿ ಬಿಡಿ. ಎಷ್ಟೇ ಹೊತ್ತಿಗೆ ನಿದ್ದೆ ಬರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ.

ಎಲ್ಲಿಗೆ ಹೋಗುವುದು? ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆ, ಹಾಸನದ ಹಿಮ್ಸ್, ಎರಡು ಕಡೆಯೂ ತೋರಿಸಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ಇಡುತ್ತಾರೆ, ಹೋಗುವ ಮೊದಲು ಫೋನ್ ಮಾಡಿ ಕೇಳಿ. ಊರಲ್ಲಿ ಕಾಣಿಸಿಕೊಳ್ಳಲು ಮುಜುಗರ ಆದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಸಾಯಬೇಕು ಅನ್ನಿಸಿದರೆ ಮಾತ್ರ ಯಾವುದಕ್ಕೂ ಕಾಯಬೇಡಿ. 14416, ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ನಿಮ್ಮ ಸಂಸ್ಥೆಗೂ ಬರೆದು ಕೇಳಿ. ಕೆಲಸ ಮುಗಿದ ಮೇಲೂ ಕೆಲವು ತಿಂಗಳು ಕೌನ್ಸೆಲಿಂಗ್ ಕೊಡುವ ಸಂಸ್ಥೆಗಳು ಎಷ್ಟೋ ಇವೆ. ಕೇಳುವುದರಲ್ಲಿ ಸಣ್ಣತನ ಇಲ್ಲ.

ಕೆಲಸದ ವಿಷಯದಲ್ಲಿ ನಿಮ್ಮ ಮುಂದೆ ಮೂರು ದಾರಿ ಕಾಣುತ್ತಿವೆ. ತೋಟದ ಲೆಕ್ಕ, ಇಲ್ಲೇ ನರ್ಸಿಂಗ್, ಇಲ್ಲ ಮತ್ತೆ ಹೊರಗೆ. ತೋಟದ ಲೆಕ್ಕಕ್ಕೆ ನನ್ನ ವಿರೋಧ ಇಲ್ಲ. ಕುಯ್ಲಿನ ಸಮಯದಲ್ಲಿ ಬೆಳಿಗ್ಗೆ ಎದ್ದು ಜನರ ಜೊತೆ ಓಡಾಡುವುದು ಮೈಗೂ ಮನಸ್ಸಿಗೂ ಒಳ್ಳೆಯದೇ. ಆದರೆ ಅಲ್ಲಿ ನೀವು ದಿನಕ್ಕೆ ನೂರು ತೀರ್ಮಾನ ಮಾಡುತ್ತಿದ್ದವರು. ಇಲ್ಲಿ ಅಣ್ಣ ಹೇಳಿದ್ದನ್ನು ಪುಸ್ತಕಕ್ಕೆ ಏರಿಸುತ್ತಾ ಕೂತರೆ ಬೇಗ ಖಿನ್ನತೆಗೆ ಜಾರಬಹುದು. ಇಲ್ಲೇ ನರ್ಸಿಂಗ್ ಮಾಡುವುದಾದರೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ಶುರುವಿಗೆ ತುರ್ತು ವಿಭಾಗ ಬೇಡ, ಮಕ್ಕಳ ವಾರ್ಡ್ ಕೂಡ ಬೇಡ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವುದಕ್ಕೆ ನಿಮ್ಮಂಥವರು ಸಿಕ್ಕರೆ ಮಕ್ಕಳ ಪುಣ್ಯ. ಸಂಬಳ ಅಲ್ಲಿಯದಕ್ಕೆ ಹೋಲಿಸಿದರೆ ಬಹಳ ಕಡಿಮೆ, ಅದು ಕಹಿ ಅನ್ನಿಸುತ್ತದೆ, ಮೊದಲೇ ತಿಳಿದಿರಲಿ. ಹೊರದೇಶದಲ್ಲಿದ್ದವರು ಇಡುವ ಬ್ಯಾಂಕಿನ ಎನ್‌ಆರ್‌ಇ ಖಾತೆಯನ್ನು ಊರಿಗೆ ಮರಳಿದ ಮೇಲೆ ಬದಲಾಯಿಸಬೇಕು, ಆಡಿಟರ್ ಹತ್ತಿರ ಒಂದು ಸಲ ಕೂರಿ.

ವಾಪಸ್ ಹೋಗುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಎಷ್ಟೋ ಜನ ಹೋಗುತ್ತಾರೆ, ಚೆನ್ನಾಗಿ ಕೆಲಸ ಮಾಡುತ್ತಾರೆ, ಅವರು ಇಲ್ಲದಿದ್ದರೆ ಆ ಮಕ್ಕಳಿಗೆ ಯಾರೂ ಇಲ್ಲ. ಆದರೆ ಈಗ ಹೋದರೆ ನಿದ್ದೆ ಬರಬಹುದು, ಬೆಚ್ಚುವುದು ನಿಂತ ಹಾಗೆ ಕಾಣಬಹುದು, ಯಾಕಂದರೆ ಅಲ್ಲಿ ಬೆಚ್ಚುವುದೇ ಸರಿಯಾದ ನಡವಳಿಕೆ. ಗಾಯ ಮಾತ್ರ ಹಾಗೇ ಇರುತ್ತದೆ. ಹಳೆಯದರ ಮೇಲೆ ಹೊಸದು ಬಿದ್ದಷ್ಟೂ ಚಿಕಿತ್ಸೆ ಕಷ್ಟ. ನಿಮ್ಮ ಸಿಡುಕು ಅಲ್ಲಿನ ಜೂನಿಯರ್‌ಗಳ ಮೇಲೆ, ತಾಯಂದಿರ ಮೇಲೆ ಬಿದ್ದರೆ ಅದನ್ನು ನೀವೇ ಕ್ಷಮಿಸಿಕೊಳ್ಳಲಾರಿರಿ.

ಹಾಗಾಗಿ ಈ ತಿಂಗಳು ಸಂಸ್ಥೆಗೆ ಹೋಗಬೇಕಾದ ಉತ್ತರ ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. "ಆರೋಗ್ಯ ತಪಾಸಣೆ ನಡೆಯುತ್ತಿದೆ, ಆರು ತಿಂಗಳ ಮೊದಲು ಹೊರಡಲು ಆಗುವುದಿಲ್ಲ, ನನ್ನ ಹೆಸರು ಪಟ್ಟಿಯಲ್ಲಿ ಇಟ್ಟುಕೊಳ್ಳಿ" ಅಂತ ಬರೆಯಿರಿ. ಇಟ್ಟುಕೊಂಡರೆ ಆರು ತಿಂಗಳಾದ ಮೇಲೆ ನಿಮ್ಮ ಮನೋವೈದ್ಯರ ಜೊತೆ ಕೂತು ಮಾತಾಡಿ, ಹಿಂಸೆ ಕಡಿಮೆ ಇರುವ ಜಾಗ, ಚಿಕ್ಕ ಅವಧಿ ಕೇಳಿ ಹೋಗಬಹುದು. ಆಗುವುದಿಲ್ಲ, ಈಗಲೇ ಬರಬೇಕು ಅಂದರೆ ಆ ಕೆಲಸ ಬಿಟ್ಟುಬಿಡಿ. ಅಪೌಷ್ಟಿಕ ಮಕ್ಕಳ ಕೇಂದ್ರವನ್ನು ವರ್ಷಗಟ್ಟಲೆ ನಡೆಸಿದ ನರ್ಸ್‌ಗೆ ಬೇರೆ ಕರೆ ಬರುತ್ತದೆ. ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನನಗೂ ಒಂದು ಸಾಲು ಬರೆಯಿರಿ.